ಸೋತ ಹಾಡಿಗೆ ಮನಸೋತವರು

ಕಾವ್ಯಮೀಮಾಂಸೆಯ ತರಗತಿಯಲ್ಲಿ ಸಹೃದಯನ ವಿಚಾರ ಬಂದಾಗಲೆಲ್ಲ ನಾನು ಒಂದು ತೊಡಕಿಗೆ ಸಿಕ್ಕಿಕೊಳ್ಳುತ್ತಿದ್ದೆನು. ಕವಿಯನ್ನು ತೋರಿಸುವುದು ಸುಲಭ. ಕಪಾಟಿನಿಂದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರೆ ಆಯಿತು. ಸಹೃದಯನನ್ನು ಎಲ್ಲಿಂದ ತರುವುದು? ನಿರ್ಮಲವಾದ ಮನಸ್ಸುಳ್ಳವನು, ಕವಿಯ ಅನುಭವದೊಡನೆ ತನ್ಮಯನಾಗಬಲ್ಲವನು ಎಂದು ಅಭಿನವಗುಪ್ತನ ಲಕ್ಷಣವನ್ನು ಒಪ್ಪಿಸಿದರೆ ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಐದು ಅಂಕಗಳಿಗೆ ಹಾಗೆಯೇ ಹಿಂದಿರುಗಿಸುತ್ತಾರೆ. ತನ್ನ ಕಾಲದವರು ತನ್ನನ್ನು ಮೆಚ್ಚದಿದ್ದಾಗ ಭವಭೂತಿಯು 'ಮಾಲತೀಮಾಧವ'ದ ಪ್ರಸ್ತಾವನೆಯಲ್ಲಿ, ತನ್ನಂಥ ಮನಸ್ಸಿನವನೊಬ್ಬನು ಎಂದಾದರೊಂದು ದಿನ, ಎಲ್ಲಿಯಾದರೂ ಹುಟ್ಟದೆ ಹೋಗಲಾರನೆಂದು ಧೈರ್ಯ ತಂದುಕೊಂಡನಷ್ಟೆ. ಈ ಮಾತನ್ನು ನಾನು ಎಷ್ಟೋ ವರ್ಷ ಹೇಳಿದ್ದೇನೆ. ಆದರೆ ಅದು ಕವಿಯ ಕೆಚ್ಚಿನ ಮಾತೆಂದು ತಿಳಿದಿದ್ದೆನೇ ಹೊರತು, ಲೋಕದಲ್ಲಿ ನಡೆಯುವ ಸಂಗತಿಯೆಂದು ತಿಳಿದಿರಲಿಲ್ಲ.

ಅದು ನಡೆದಿರುವುದನ್ನು ಕಣ್ಣಾರೆ ಕಂಡದ್ದು ಇಂಗ್ಲೆಂಡಿನ ಬೋಲ್ಟನ್ ಪಟ್ಟಣದಲ್ಲಿ, 2019ರ ಬೇಸಿಗೆಯಲ್ಲಿ. ನನ್ನ ಭಾವನವರು ಅಲ್ಲಿ ವೈದ್ಯರು. ಅಕ್ಕ ಹೋಗಿ ಇಪ್ಪತ್ತು ವರ್ಷಗಳಾಗಿದ್ದವು. ಒಮ್ಮೆಯಾದರೂ ಬಂದು ಹೋಗೆಂದು ಕರೆಯುತ್ತಲೇ ಇದ್ದಳು. ಅಲ್ಲಿಯ ಮನೆಗಳು ಜೋಡಿಮನೆಗಳು. ಎರಡು ಸಂಸಾರಗಳ ನಡುವೆ ಒಂದೇ ಗೋಡೆ. ಮೊದಲನೆಯ ಭಾನುವಾರ ಬೆಳಗ್ಗೆ ನಾನಿನ್ನೂ ಹಾಸಿಗೆಯಲ್ಲಿರುವಾಗಲೇ ಆ ಗೋಡೆಯ ಆಚೆಯಿಂದ ಡೋಲಿನ ಪೆಟ್ಟು, ಅದರ ಮೇಲೆ ತುತ್ತೂರಿ, ಅವೆರಡನ್ನೂ ಸೀಳಿಕೊಂಡು ಬರುವ ಹೆಂಗಸಿನ ಕೊರಳು ಕೇಳಿಸಿತು. ಎರಡೂವರೆ ನಿಮಿಷ; ನಿಲ್ಲುವುದು; ಮತ್ತೊಂದು ಆರಂಭ.

"ಐತವಾರ ಬಂತಂದ್ರ ಅವರಿಗೆ ಇದs ಪೂಜಿ ನೋಡಪಾ" ಎಂದಳು ಅಕ್ಕ. "ಭಾಳ ಛಲೋ ಮಂದಿ. ಹೋಗಿ ಮಾತಾಡ್ಸು. ನೀ ಹಾಡು ಕೇಳಾಂವ ಅಂತ ನಾ ಆಗಲೇ ಹೇಳೇನಿ."

ಆ ಯಜಮಾನರಿಗೆ ಆಗ ಅರವತ್ತಮೂರು ವರ್ಷ. ಹತ್ತಿಯ ನೂಲಿನ ಗಿರಣಿಯಲ್ಲಿ ಯಂತ್ರಗಳ ದುರಸ್ತಿ ಕಲಿತವರು. ಗಿರಣಿ ಮುಚ್ಚಿದ ಮೇಲೆ ಬಸ್ಸು ನಡೆಸಿ ನಿವೃತ್ತರಾದವರು. ಮಹಡಿಯ ಸಣ್ಣ ಕೋಣೆಯೊಂದರಲ್ಲಿ ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು, ಅವುಗಳ ತುಂಬ ಏಳಂಗುಲದ ಗ್ರಾಮಫೋನು ತಟ್ಟೆಗಳು. ನಿಮಿಷಕ್ಕೆ 45 ಸುತ್ತು ತಿರುಗುವಂಥವು. ನಡುವೆ ರೂಪಾಯಿಗಿಂತ ದೊಡ್ಡದಾದ ತೂತು. ಅಮೆರಿಕದಲ್ಲಿ ಮುದ್ರಿತವಾದ ತಟ್ಟೆಗೆ ಅದೇ ಗುರುತೆಂದು ಅವರು ಹೇಳಿಕೊಟ್ಟರು. ನಾನು ಒಂದನ್ನು ಕೈಗೆತ್ತಿಕೊಂಡಾಗ ಅವರು ಏನೂ ಅನ್ನಲಿಲ್ಲ. ಆದರೆ ತಾವೂ ಒಂದು ಕೈಯನ್ನು ಅದರ ಕೆಳಗೆ ಹಿಡಿದುಕೊಂಡೇ ಇದ್ದರು. ಆ ಕೈಯನ್ನು ನೋಡಿ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ನನ್ನ ಗುರುಗಳೊಬ್ಬರು ತಾಳೆಗರಿಯ ಕಟ್ಟನ್ನು ಶಿಷ್ಯರ ಕೈಗೆ ಕೊಡುವಾಗ ಹೀಗೆಯೇ ಹಿಡಿಯುತ್ತಿದ್ದರು.

"ಇವೆಲ್ಲ ಯಾರೂ ಕೊಳ್ಳದ ಹಾಡುಗಳು" ಎಂದರು ಅವರು, ಹೆಮ್ಮೆಯಿಂದ.

ಈ ಸಂಗೀತಕ್ಕೆ ಸೋಲ್ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಮಾತಿಗೆ ಆತ್ಮವೆಂದು ಅರ್ಥ. ಕನ್ನಡದ ಮೇಷ್ಟರ ಕಿವಿಗೆ ಅದು ಬೇರೆಯಾಗಿಯೇ ಕೇಳಿಸಿತು. ಹಳಗನ್ನಡದಲ್ಲಿ ಧಾತುವು 'ಸೋಲ್' ಎಂದೇ ಇದೆ. ಯುದ್ಧದಲ್ಲಿ ಭಂಗಪಡುವುದಕ್ಕೂ ಅದೇ ಮಾತು, ಚೆಲುವಿಗೆ ವಶವಾಗುವುದಕ್ಕೂ ಅದೇ ಮಾತು. ಇಂದಿಗೂ ನಾವು ಪಂದ್ಯದಲ್ಲಿ ಸೋಲುತ್ತೇವೆ, ರೂಪಕ್ಕೆ ಮನಸೋಲುತ್ತೇವೆ. ಇದು ಆಕಸ್ಮಿಕವಾದ ಶಬ್ದಸಾಮ್ಯವೆಂಬುದನ್ನು ನಾನು ಬಲ್ಲೆ. ವ್ಯುತ್ಪತ್ತಿಶಾಸ್ತ್ರದವರು ನನ್ನ ಮೇಲೆ ಮುನಿಯಬೇಕಾಗಿಲ್ಲ. ಆದರೆ ಆ ಕೋಣೆಯಲ್ಲಿದ್ದ ತಟ್ಟೆಗಳ ಕಥೆಗೆ ಇದಕ್ಕಿಂತ ಒಪ್ಪುವ ಮಾತು ಇಂಗ್ಲಿಷಿನಲ್ಲಿ ಸಿಕ್ಕಲಾರದು.

ಅಮೆರಿಕದ ದಕ್ಷಿಣ ಸಂಸ್ಥಾನಗಳ ಕರಿಯ ಜನರ ಚರ್ಚುಗಳಲ್ಲಿ ಬೆಳೆದದ್ದು ಈ ಸಂಗೀತದ ಬೇರು. ಒಬ್ಬನು ಕೂಗಿ ಹಾಡುವುದು, ಸಭೆಯೆಲ್ಲ ಮರುನುಡಿಯುವುದು, ಹಾಡು ಏರುತ್ತ ಹೋಗಿ ಮಾತೇ ಮುರಿದುಬೀಳುವುದು. ನಮ್ಮ ಭಜನೆಯ ರಾತ್ರಿಗಳನ್ನು ಕಂಡವರಿಗೆ ಈ ಬಗೆ ತಿಳಿಯದ್ದಲ್ಲ. 1950ರ ದಶಕದಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಮೊದಲಾದವರು ಈ ದೇವರ ಹಾಡಿನ ಆವೇಶವನ್ನು ಮನುಷ್ಯರ ಪ್ರೀತಿಯ ಹಾಡಿಗೆ ತಂದರು. ಮಡಿವಂತರಿಗೆ ಕೋಪ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ಅಷ್ಟರಲ್ಲಿ ದಕ್ಷಿಣದ ಲಕ್ಷಾಂತರ ಕುಟುಂಬಗಳು ಕೂಲಿಯನ್ನರಸಿ ಉತ್ತರದ ಕಾರ್ಖಾನೆಗಳ ಊರುಗಳಿಗೆ ಗುಳೆ ಹೊರಟಿದ್ದವು. ಮೋಟಾರುಗಳ ಊರಾದ ಡೆಟ್ರಾಯಿಟಿನಲ್ಲಿ, ಕಾರುಗಳ ಕಾರ್ಖಾನೆಯೊಂದರಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ ಎಂಬ ತರುಣನು 1959ರಲ್ಲಿ ಮನೆಯವರಿಂದ 800 ಡಾಲರು ಸಾಲ ಪಡೆದು ಹಾಡಿನ ಕಂಪನಿಯೊಂದನ್ನು ತೆರೆದನು. ಅದೇ ಮೋಟೌನ್. ಒಂದು ಸಾಮಾನ್ಯ ವಾಸದ ಮನೆಯೇ ಅದರ ಕಾರ್ಖಾನೆ. ಕಾರನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತ ಜೋಡಿಸುವಂತೆ ಹಾಡನ್ನೂ ಜೋಡಿಸಬಹುದೆಂಬುದು ಅವನ ಯುಕ್ತಿ: ಬರೆಯುವವರು ಒಂದು ಕೋಣೆಯಲ್ಲಿ, ನುಡಿಸುವವರು ಇನ್ನೊಂದರಲ್ಲಿ, ನಡೆನುಡಿ ಕಲಿಸುವವರು ಮತ್ತೊಂದರಲ್ಲಿ. ಯಂತ್ರದಿಂದ ಇಳಿದಂತೆ ಇಳಿದ ಆ ಹಾಡುಗಳಲ್ಲಿ ಜೀವವಿದ್ದದ್ದು ಹೇಗೆಂಬುದು ನನಗೆ ಈಗಲೂ ಸೋಜಿಗವೇ.

ಮೋಟೌನ್ ಗೆದ್ದಿತು, ಲೋಕವೆಲ್ಲ ಕೇಳಿತು. ಇಂಗ್ಲೆಂಡಿನ ರಾಕ್ ಸಂಗೀತದ ಹುಡುಗರು ಅದರ ಶಿಷ್ಯರಾದರು. 1963ರಲ್ಲಿ ಬಂದ ಬೀಟಲ್ಸರ ಎರಡನೆಯ ಸಂಪುಟದಲ್ಲಿ ಮೂರು ಹಾಡುಗಳು ಮೋಟೌನ್ ಮನೆಯವೇ. ಆದರೆ ಒಬ್ಬ ಗೆದ್ದವನ ಹಿಂದೆ ನೂರು ಮಂದಿ ಅದೇ ಹಾದಿಯಲ್ಲಿ ಓಡುವುದು ಲೋಕರೂಢಿ. ಡೆಟ್ರಾಯಿಟು, ಶಿಕಾಗೋ, ಫಿಲಡೆಲ್ಫಿಯಾ, ಲಾಸ್ ಏಂಜಲೀಸುಗಳಲ್ಲಿ ಸಣ್ಣಪುಟ್ಟ ಕಂಪನಿಗಳು ಅಣಬೆಗಳಂತೆ ಎದ್ದವು. ಒಂದು ಮಧ್ಯಾಹ್ನಕ್ಕೆ ವಾದ್ಯದವರನ್ನು ಬಾಡಿಗೆಗೆ ತಂದು, ನೆರೆಕೇರಿಯ ಹುಡುಗಿಯಿಂದ ಹಾಡಿಸಿ, ಕೆಲವು ನೂರು ತಟ್ಟೆಗಳನ್ನು ಒತ್ತಿಸಿ, ರೇಡಿಯೋದವರ ಬಾಗಿಲು ಕಾಯುವುದು. ರೇಡಿಯೋದಲ್ಲಿ ಬಾರದ ಹಾಡು ಸತ್ತ ಹಾಡು. ರೇಡಿಯೋದಲ್ಲಿ ಬರಬೇಕಾದರೆ ಹಣ ಬೇಕು, ಪರಿಚಯ ಬೇಕು. ಹಾಡಿದವಳು ಮತ್ತೆ ತನ್ನ ಅಂಗಡಿಗೋ ಅಡುಗೆಮನೆಗೋ ಹಿಂದಿರುಗುವಳು. ಉಳಿದ ತಟ್ಟೆಗಳು ಉಗ್ರಾಣದಲ್ಲಿ ಧೂಳು ಹಿಡಿಯುವುವು. ಕೆಟ್ಟ ಹಾಡುಗಳಾದುದರಿಂದ ಅವು ಸೋತವೇ? ಕೆಲವು ಹಾಗೆಯೇ ಇರಬೇಕು. ನೆರೆಯವರು ಹಾಕಿ ತೋರಿಸಿದವುಗಳಲ್ಲಿ ಒಂದೆರಡು ನನಗೆ ಸಪ್ಪೆಯೆನಿಸಿದವು. ಹಾಗೆಂದು ಹೇಳಿಯೂ ಹೇಳಿದೆನು. ಅವರು ತಲೆದೂಗಿ, "ಎಂಟು ಸಲ ಕೇಳಿ, ಆಮೇಲೆ ಹೇಳಿ" ಎಂದರು. ಪಂಪನ ವೃತ್ತಗಳಂತೂ ಅಲ್ಲ, ಎರಡೂವರೆ ನಿಮಿಷದ ಹಾಡು, ಕೇಳಿದೆನು. ಒಂದು ಹಾಡಿನ ವಿಷಯದಲ್ಲಿ ಅವರ ಮಾತು ನಿಜವಾಯಿತು.

ಈ ತಟ್ಟೆಗಳು ಲ್ಯಾಂಕಷೈರಿಗೆ ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ಮ್ಯಾಂಚೆಸ್ಟರಿನ ಬ್ರೇಜನೋಸ್ ಬೀದಿಯ ನೆಲಮಾಳಿಗೆಯೊಂದರಲ್ಲಿ 1963ರಲ್ಲಿ ಟ್ವಿಸ್ಟೆಡ್ ವ್ಹೀಲ್ ಎಂಬ ಕ್ಲಬ್ಬು ಆರಂಭವಾಯಿತು. ಎರಡು ವರ್ಷದ ಮೇಲೆ ವಿಟ್‌ವರ್ತ್ ಬೀದಿಗೆ ಸ್ಥಳ ಬದಲಿಸಿತು. ಶನಿವಾರ ರಾತ್ರಿ ಬೆಳಗಾಗುವ ತನಕ ಅಲ್ಲಿ ಅಮೆರಿಕದ ಕರಿಯರ ಸಂಗೀತ. ವಾರವೆಲ್ಲ ಗಿರಣಿಯಲ್ಲಿ, ಗಣಿಯಲ್ಲಿ, ಲೇತಿನ ಮುಂದೆ ನಿಂತ ಹುಡುಗ ಹುಡುಗಿಯರು ಅಲ್ಲಿ ಕುಣಿಯುತ್ತಿದ್ದರು. ದಶಕದ ಕೊನೆಗೆ ಅಮೆರಿಕದಲ್ಲಿ ಅಭಿರುಚಿ ಬದಲಾಯಿತು, ಲಯ ಭಾರವಾಯಿತು. ಲಂಡನ್ನಿನವರು ಆ ಹೊಸತರ ಹಿಂದೆ ಹೋದರು. ಉತ್ತರದ ಈ ಹುಡುಗರು ಮಾತ್ರ 1965ರ ಸುಮಾರಿನ ಆ ವೇಗದ, ನಾಲ್ಕು ಪೆಟ್ಟಿನ ಹಾಡುಗಳನ್ನು ಬಿಡಲಿಲ್ಲ. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ರೆಕಾರ್ಡಿನ ಅಂಗಡಿಯನ್ನು ನಡೆಸುತ್ತಿದ್ದ ಡೇವ್ ಗಾಡಿನ್ ಎಂಬವರು ಇದನ್ನು ಗಮನಿಸಿದರು. ಕಾಲ್ಚೆಂಡಿನ ಪಂದ್ಯಕ್ಕೆಂದು ಲಂಡನ್ನಿಗೆ ಬಂದ ಉತ್ತರದವರು ಅಂಗಡಿಗೆ ನುಗ್ಗಿ ಹಳೆಯ ಹಾಡುಗಳನ್ನೇ ಕೇಳುವರು. ಅವರಿಗೆ ಹೊಸತನ್ನು ತೋರಿಸಿ ಕಾಲಹರಣ ಮಾಡಬೇಡಿ ಎಂದು ಕೆಲಸದವರಿಗೆ ತಿಳಿಸಲು ಗಾಡಿನ್ನರು ಬಳಸಿದ ಗುರುತಿನ ಮಾತು 'ನಾರ್ದರ್ನ್ ಸೋಲ್', ಎಂದರೆ ಉತ್ತರದವರ ಸೋಲ್. 1970ರಲ್ಲಿ ಪತ್ರಿಕೆಯೊಂದರ ತಮ್ಮ ಅಂಕಣದಲ್ಲಿ ಅದನ್ನು ಬರೆದರು. ಅಂಗಡಿಯ ಅನುಕೂಲಕ್ಕೆ ಹುಟ್ಟಿದ ಮಾತು ಒಂದು ಪಂಥದ ಹೆಸರಾಯಿತು.

ಗಾಡಿನ್ನರ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಹುಡುಗನಾಗಿದ್ದಾಗ ಐಸ್‌ಕ್ರೀಮಿನ ಅಂಗಡಿಯೊಂದರಲ್ಲಿ ರೂತ್ ಬ್ರೌನ್ ಎಂಬಾಕೆಯ ಹಾಡನ್ನು ಕೇಳಿ ಅವರಿಗೆ ಈ ಹುಚ್ಚು ಹಿಡಿಯಿತು. ಡಾರ್ಟ್‌ಫರ್ಡಿನ ಅವರ ಶಾಲೆಯಲ್ಲೇ ಅವರಿಗಿಂತ ಕಿರಿಯನಾಗಿದ್ದ ಮಿಕ್ ಜಾಗರ್ ಮುಂದೆ ರೋಲಿಂಗ್ ಸ್ಟೋನ್ಸ್ ತಂಡದಿಂದ ಜಗತ್ಪ್ರಸಿದ್ಧನಾದನು. ಕರಿಯರ ಸಂಗೀತದ ರುಚಿಯನ್ನು ಅವನಿಗೆ ಹತ್ತಿಸಿದವರಲ್ಲಿ ಗಾಡಿನ್ನರೂ ಒಬ್ಬರು. ಮೋಟೌನ್ ಅಭಿಮಾನಿಗಳ ಸಂಘವನ್ನು ಕಟ್ಟಿ ಅವರು ಮಾಡಿದ ಪತ್ರವ್ಯವಹಾರವನ್ನು ಕಂಡು ಸ್ವತಃ ಗಾರ್ಡಿಯೇ 1964ರಲ್ಲಿ ಅವರನ್ನು ಡೆಟ್ರಾಯಿಟಿಗೆ ಕರೆಸಿಕೊಂಡನು. ಮರುವರ್ಷ ಮೋಟೌನ್ ಕಲಾವಿದರು ಬ್ರಿಟನ್ನಿನಲ್ಲಿ ಪ್ರವಾಸ ಮಾಡಿದಾಗ ಎಷ್ಟೋ ಊರುಗಳಲ್ಲಿ ಅರ್ಧ ಸಭೆಯೂ ತುಂಬಲಿಲ್ಲ. 2004ರಲ್ಲಿ ತೀರಿಕೊಳ್ಳುವವರೆಗೂ ಗಾಡಿನ್ನರು ಸೋತ ಹಾಡುಗಳನ್ನು ಹುಡುಕಿ ಸಂಕಲಿಸುತ್ತಲೇ ಇದ್ದರು. ಹಾಡು ಬರೆದವರಲ್ಲ, ಹಾಡಿದವರಲ್ಲ, ಕೇಳಿದವರು, ಕೇಳಿಸಿದವರು. ಸಾಹಿತ್ಯಚರಿತ್ರೆಗಳಲ್ಲಿ ಇಂತಹವರಿಗೆ ಒಂದು ಅಧ್ಯಾಯವಿರುವುದಿಲ್ಲ.

ನಮ್ಮ ನೆರೆಯವರ ಯೌವನದ ತೀರ್ಥಕ್ಷೇತ್ರ ವಿಗನ್. ಜಾರ್ಜ್ ಆರ್ವೆಲ್ 1937ರ ತನ್ನ ಪುಸ್ತಕದಲ್ಲಿ ಬಡತನಕ್ಕೆ ಹೆಸರುವಾಸಿ ಮಾಡಿದ ಅದೇ ವಿಗನ್. ಅಲ್ಲಿಯ ಹಳೆಯ ನೃತ್ಯಮಂದಿರ ವಿಗನ್ ಕ್ಯಾಸಿನೋದಲ್ಲಿ 1973ರ ಸೆಪ್ಟೆಂಬರ್ 23ರಂದು ಮೊದಲ ಅಹೋರಾತ್ರಿ. ಬೆಳಗಿನ ಜಾವ ಎರಡಕ್ಕೆ ಬಾಗಿಲು ತೆರೆದರೆ ಎಂಟಕ್ಕೆ ಮುಕ್ತಾಯ. ಮದ್ಯವಿಲ್ಲ. ಹೆಗಲಿಗೆ ಚೀಲ, ಅದರಲ್ಲಿ ಬದಲಿ ಅಂಗಿ, ಟವೆಲು, ನೆಲಕ್ಕೆ ಚೆಲ್ಲಿ ನುಣುಪು ಮಾಡಲು ಮಕ್ಕಳಿಗೆ ಹಚ್ಚುವ ಪೌಡರು. ನಿದ್ರೆಯನ್ನು ತಡೆಯುವ ಗುಳಿಗೆಗಳೂ ಕೆಲವರ ಚೀಲದಲ್ಲಿ ಇದ್ದವು; ಪೊಲೀಸರು ಬರುತ್ತಿದ್ದರು; ಅದರಿಂದ ಕೆಟ್ಟವರೂ ಉಂಟು. ನೆರೆಯವರು ಇದನ್ನು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಎಂಟಕ್ಕೆ ಮೊದಲು ಪ್ರತಿ ಸಲವೂ ಅವೇ ಮೂರು ಹಾಡುಗಳು. ಜಿಮ್ಮಿ ರ್‍ಯಾಡ್‌ಕ್ಲಿಫ್, ಟೋಬಿ ಲೆಜೆಂಡ್, ಡೀನ್ ಪ್ಯಾರಿಶ್ ಇವರು ಹಾಡಿದವು. ನಮ್ಮ ಕಚೇರಿಗಳ ಮಂಗಳದಂತೆ ಅವಕ್ಕೆ ಒಂದು ನಿಶ್ಚಿತ ಸ್ಥಾನ. 1981ರ ಡಿಸೆಂಬರ್ 6ರಂದು ಕೊನೆಯ ರಾತ್ರಿ ಆ ಮೂರನ್ನು ಮತ್ತೆ ಮತ್ತೆ ಹಾಕಿದರೂ ಜನ ಕದಲಲಿಲ್ಲವೆಂದೂ, ಕಡೆಗೆ ಪೆಟ್ಟಿಗೆಯೊಳಗೆ ಕೈಹಾಕಿ ಸಿಕ್ಕಿದ ತಟ್ಟೆಯೊಂದನ್ನು ಹಾಕಿದರೆಂದೂ ಹೇಳುವರು. ಮುಂದೆ ಆ ಕಟ್ಟಡಕ್ಕೆ ಬೆಂಕಿ ಬಿದ್ದಿತು, ಉಳಿದುದನ್ನು ಕೆಡವಿದರು. ಇಂದು ಅಲ್ಲಿ ದೊಡ್ಡ ಅಂಗಡಿಸಾಲು.

ಆ ಕೊನೆಯ ತಟ್ಟೆಯ ಕಥೆ ವಿಚಿತ್ರವಾದುದು. ಹಾಡಿದವನು ಫ್ರ್ಯಾಂಕ್ ವಿಲ್ಸನ್. ಮೋಟೌನ್‌ಗಾಗಿ 1965ರಲ್ಲಿ ಹಾಡಿದ್ದು. ಹಾಡುಗಾರನಾಗುವೆಯೋ, ಹಾಡು ಮಾಡಿಸುವವನಾಗುವೆಯೋ ಎಂದು ಗಾರ್ಡಿ ಕೇಳಿದನಂತೆ. ವಿಲ್ಸನ್ ಎರಡನೆಯದನ್ನು ಆರಿಸಿಕೊಂಡನು. ಮಾದರಿಗೆಂದು ಒತ್ತಿದ ಕೆಲವು ನೂರು ತಟ್ಟೆಗಳನ್ನು ನಾಶಮಾಡಲಾಯಿತು. ಬೆರಳಲ್ಲಿ ಎಣಿಸುವಷ್ಟು ಪ್ರತಿಗಳು ಹೇಗೋ ಉಳಿದು, 1970ರ ದಶಕದ ಕೊನೆಯಲ್ಲಿ ಆ ಹಾಡು ಇಂಗ್ಲೆಂಡಿನ ಈ ನೃತ್ಯಮಂದಿರಗಳನ್ನು ಸೇರಿತು. ಅದೂ ತನ್ನ ಹೆಸರಿನಿಂದಲ್ಲ, ಎಡ್ಡಿ ಫಾಸ್ಟರ್ ಎಂಬ ಹುಸಿ ಹೆಸರಿನಿಂದ! 2009ರಲ್ಲಿ ಅದರ ಒಂದು ಪ್ರತಿ 25,742 ಪೌಂಡುಗಳಿಗೆ ಹರಾಜಾಯಿತು.

ಹುಸಿ ಹೆಸರೇಕೆ? ಇಲ್ಲಿಗೆ ಈ ಪಂಥದ ಒಂದು ಮುಖ್ಯವಾದ, ನನ್ನ ದೃಷ್ಟಿಯಲ್ಲಿ ಅಷ್ಟೇನೂ ಚೆನ್ನಲ್ಲದ ಪದ್ಧತಿಗೆ ಬರುತ್ತೇವೆ. ತಟ್ಟೆ ಹಾಕುವವನ ಪ್ರತಿಷ್ಠೆ ಇರುವುದು ಬೇರೆ ಯಾರಲ್ಲಿಯೂ ಇಲ್ಲದ ಹಾಡು ತನ್ನಲ್ಲಿರುವುದರಲ್ಲಿ. ಹಾಡಿನ ಹೆಸರು ತಿಳಿದರೆ ಇನ್ನೊಬ್ಬನು ಅಮೆರಿಕಕ್ಕೆ ಬರೆದು ತರಿಸಿಯಾನು. ಆದ್ದರಿಂದ ತಟ್ಟೆಯ ನಡುವಿನ ಚೀಟಿಯ ಮೇಲೆ ಬಿಳಿಯ ಕಾಗದವನ್ನು ಅಂಟಿಸಿ, ಇಲ್ಲದ ಹಾಡುಗಾರನ ಹೆಸರನ್ನು ಕಟ್ಟಿ ಹೇಳುವುದು. ನಾಡೆಲ್ಲ ಕುಣಿಯುತ್ತದೆ, ಯಾರ ಹಾಡಿಗೆ ಕುಣಿಯುತ್ತಿದ್ದೇವೆಂದು ಯಾರಿಗೂ ತಿಳಿಯದು. ಹಾಡಿದವರಿಗಂತೂ ತಮ್ಮ ಹಾಡಿಗೆ ಸಮುದ್ರದಾಚೆ ಜನ ಕುಣಿಯುತ್ತಿದ್ದಾರೆಂಬ ಸುದ್ದಿಯೇ ಇಲ್ಲ. ಗ್ಲೋರಿಯಾ ಜೋನ್ಸ್ 1964ರಲ್ಲಿ ಹಾಡಿದ 'ಟೇಂಟೆಡ್ ಲವ್' ಒಂದು ತಟ್ಟೆಯ ಹಿಂಬದಿಯಲ್ಲಿದ್ದ ಹಾಡು, ಯಾರೂ ಕೇಳಲಿಲ್ಲ. 1973ರಲ್ಲಿ ರಿಚರ್ಡ್ ಸರ್ಲಿಂಗ್ ಅದನ್ನು ಫಿಲಡೆಲ್ಫಿಯಾದಲ್ಲಿ ಕೊಂಡು ತಂದು ಉತ್ತರದವರಿಗೆ ಕೇಳಿಸಿದರು. 1981ರಲ್ಲಿ ಸಾಫ್ಟ್ ಸೆಲ್ ಎಂಬ ಇಂಗ್ಲಿಷ್ ಜೋಡಿ ಅದನ್ನೇ ಮತ್ತೆ ಹಾಡಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಹಾಡನ್ನು ಬರೆದವಳು ಗ್ಲೋರಿಯಾ ಅಲ್ಲವಾದುದರಿಂದ ಬರೆದವರಿಗೆ ಸಲ್ಲುವ ಗೌರವಧನದಲ್ಲಿ ಅವಳಿಗೆ ಪಾಲಿಲ್ಲ. ರಸಿಕನ ಪ್ರೀತಿ ಕಲಾವಿದನ ಹೊಟ್ಟೆಗೆ ತಲುಪುವ ಹಾದಿ ಎಲ್ಲ ದೇಶಗಳಲ್ಲಿಯೂ ವಕ್ರವೇ.

ಈ ಕಾಗದ ಅಂಟಿಸುವ ಪದ್ಧತಿಯನ್ನು ನಾನು ಹಳಿದಾಗ ನೆರೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಕೆಳಗಿನ ಪೆಟ್ಟಿಗೆಯಿಂದ ತಟ್ಟೆಯೊಂದನ್ನು ತೆಗೆದರು. ಅದರ ನಡುವಿನ ಚೀಟಿಯ ಮೇಲೆ ಹರಿದು ತೆಗೆದ ಕಾಗದದ ಕಲೆಯಿತ್ತು.

"ಇದು ನನಗೆ 1978ರಲ್ಲಿ ಸಿಕ್ಕಿತು. ಈ ಊರುಗಳ ಸಣ್ಣ ಕ್ಲಬ್ಬುಗಳಲ್ಲಿ ನಾನೂ ತಟ್ಟೆ ಹಾಕುತ್ತಿದ್ದೆ. ಇದನ್ನು ಹಾಕಿದ ಕೂಡಲೆ ಜನ ಎದ್ದು ಬರುತ್ತಿದ್ದರು. ನಾನೂ ಕಾಗದ ಅಂಟಿಸಿದೆ. ನನಗೊಬ್ಬ ಗೆಳೆಯನಿದ್ದ. ಗಿರಣಿಗೆ ಒಂದೇ ದಿನ ಸೇರಿದವರು ನಾವು. ವಿಗನ್‌ಗೆ ಹೋಗುತ್ತಿದ್ದುದೂ ಒಟ್ಟಿಗೇ. ಈ ಹಾಡೆಂದರೆ ಅವನಿಗೆ ಪ್ರಾಣ. ಹೆಸರು ಹೇಳೆಂದು ಎಷ್ಟು ಸಲ ಕೇಳಿದನೋ! ನಾನು ನಗುತ್ತಿದ್ದೆ. ಮುಂದಿನ ವರ್ಷ ಹೇಳುವೆನೆನ್ನುತ್ತಿದ್ದೆ. ಗಿರಣಿ ಮುಚ್ಚಿತು, ಅವನು ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಹೋದ. ಕಾಗದ ಬರೆಯುವ ಜಾತಿಯವರಲ್ಲ ನಾವು. ತೊಂಬತ್ತರ ದಶಕದಲ್ಲಿ ಒಮ್ಮೆ ಅವನ ತಂಗಿ ಬಸ್ಸು ಹತ್ತಿದಳು. ಟಿಕೆಟ್ಟಿಗೆ ಚಿಲ್ಲರೆ ಕೊಡುತ್ತ, ಅವನು ತೀರಿಕೊಂಡನೆಂದು ಹೇಳಿದಳು."

ಅವರು ತಟ್ಟೆಯನ್ನು ಯಂತ್ರದ ಮೇಲಿಟ್ಟು ಮುಳ್ಳನ್ನು ಇಳಿಸಿದರು. ಹಾಡು ಮುಗಿದ ಮೇಲೆ ಹಾಡಿದವಳ ಹೆಸರನ್ನೂ, ಕಂಪನಿಯ ಹೆಸರನ್ನೂ, ಅದರ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ನಾನು ಕೇಳದಿದ್ದರೂ ನನ್ನ ಕೈಗಿತ್ತರು. ಈಗ ಅವರು ಯಾರು ಬಂದರೂ ಹಾಗೆ ಬರೆದುಕೊಡುತ್ತಾರೆಂದು ಅಕ್ಕ ಆಮೇಲೆ ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯುವ ಆಸೆಯೇನೋ ಇದೆ. ಬರೆದರೆ ಆ ತಟ್ಟೆ ಯಾರ ಬಳಿಯಿತ್ತೆಂಬುದು ಆ ಬಳಗದವರಿಗೆ ತಿಳಿದುಹೋದೀತು. ಒಬ್ಬರ ಪಶ್ಚಾತ್ತಾಪವನ್ನು ಪತ್ರಿಕೆಯಲ್ಲಿ ಹೆಸರು ಸಹಿತ ಅಚ್ಚು ಹಾಕುವುದು ಸಭ್ಯತೆಯಲ್ಲ.

ಒಂದು ದಿನ ಭಾವನವರೊಡನೆ ಮ್ಯಾಂಚೆಸ್ಟರಿಗೆ ಹೋಗಿದ್ದಾಗ ಬ್ರೇಜನೋಸ್ ಬೀದಿಯನ್ನು ಹುಡುಕಿಕೊಂಡು ಹೋದೆನು. ಅಲ್ಲಿ ಕ್ಲಬ್ಬಿನ ಗುರುತಿಗಾಗಿ ನೋಡುತ್ತಿದ್ದವನಿಗೆ ಕಾಣಿಸಿದವರು ಅಬ್ರಹಾಂ ಲಿಂಕನ್ನರು! ಅವರ ಪ್ರತಿಮೆಯನ್ನು ಆ ಬೀದಿಯ ಚೌಕಕ್ಕೆ 1986ರಲ್ಲಿ ತಂದು ನಿಲ್ಲಿಸಿದರಂತೆ. ಲಿಂಕನ್ನರಿಗೂ ಮ್ಯಾಂಚೆಸ್ಟರಿಗೂ ಇರುವ ಸಂಬಂಧ ಹತ್ತಿಯದು. ಲ್ಯಾಂಕಷೈರಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಬಹುಪಾಲು ಅಮೆರಿಕದ ದಕ್ಷಿಣದಲ್ಲಿ ಗುಲಾಮರು ಬೆಳೆದದ್ದು. 1861ರಲ್ಲಿ ಅಲ್ಲಿ ಅಂತರ್ಯುದ್ಧವಾಗಿ ಬಂದರುಗಳು ಮುಚ್ಚಿದವು; ಗಿರಣಿಗಳು ನಿಂತವು; ಕೂಲಿಕಾರರು ಹಸಿದರು. ಹೀಗಿದ್ದೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಕೂಲಿಕಾರರು ಗುಲಾಮಗಿರಿಯ ವಿರುದ್ಧ ನಿಂತು ಲಿಂಕನ್ನರಿಗೆ ಪತ್ರವನ್ನು ಕಳಿಸಿದರು. ಲಿಂಕನ್ನರ ಉತ್ತರದ ತಾರೀಖು 1863ರ ಜನವರಿ 19. ಲ್ಯಾಂಕಷೈರಿನವರೆಲ್ಲ ಹಾಗೆ ಇದ್ದರೆಂದಲ್ಲ. ದಕ್ಷಿಣದವರೇ ಗೆದ್ದು ಹತ್ತಿ ಬರಲಿ ಎಂದವರೂ ಬೇಕಾದಷ್ಟಿದ್ದರು. ಸರಿಯಾಗಿ ನೂರು ವರ್ಷಗಳ ಮೇಲೆ, 1963ರಲ್ಲಿ, ಅದೇ ಊರಿನಲ್ಲಿ, ಆ ಗುಲಾಮರ ಮರಿಮಕ್ಕಳ ಹಾಡಿಗೆ ಆ ಕೂಲಿಕಾರರ ಮರಿಮಕ್ಕಳು ಕುಣಿಯಲು ಆರಂಭಿಸಿದರು. ಹತ್ತಿ ಬಂದ ಹಾದಿಯಲ್ಲಿ ಹಾಡು ಬಂದಿತು.

ಧಾರವಾಡದವನಾದ ನಾನು ಆ ಪ್ರತಿಮೆಯ ಮುಂದೆ ಬರಿಯ ಪ್ರವಾಸಿಯಂತೆ ನಿಲ್ಲುವುದು ಸಾಧ್ಯವಾಗಲಿಲ್ಲ. ಅಮೆರಿಕದ ಹತ್ತಿಯ ಬೀಜವನ್ನು ತಂದು 1840ರ ದಶಕದಿಂದ ನಮ್ಮ ಎರೆನೆಲದಲ್ಲಿ ಬಿತ್ತಿಸಿದವರು ಇಂಗ್ಲಿಷರು. 'ಧಾರವಾಡ ಅಮೆರಿಕನ್' ಎಂದು ಆ ಹತ್ತಿಗೆ ಹೆಸರಾಯಿತು. ನಮ್ಮ ನಾಡಹತ್ತಿ ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ ಅದನ್ನು ಆ ಊರಿನ ಹೆಸರಿನಿಂದಲೇ ಕರೆದರು. ಅಂತರ್ಯುದ್ಧದ ಆ ನಾಲ್ಕು ವರ್ಷ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು, ಕಾರವಾರದಲ್ಲಿ ಬಂದರು ಕಟ್ಟುವ ಆತುರ ಮ್ಯಾಂಚೆಸ್ಟರಿನವರಿಗೆ ಹತ್ತಿತು. ಯುದ್ಧ ಮುಗಿಯಿತು, ಬೆಲೆ ಬಿದ್ದಿತು. ನನ್ನ ಮುತ್ತಜ್ಜನ ಹಿರಿಯರ ಹೊಲದ ಹತ್ತಿ ಬೋಲ್ಟನ್ನಿನ ಯಾವುದೋ ಕದಿರಿನಲ್ಲಿ ನೂಲಾಗಿದ್ದಿರಬಹುದು. ಇದನ್ನು ನೆರೆಯವರಿಗೆ ಹೇಳಿದಾಗ ಅವರು ಮತ್ತೊಂದು ಮಾತನ್ನು ಹೇಳಿದರು.

"ನಮ್ಮ ಗಿರಣಿಯ ರಾತ್ರಿ ಪಾಳಿಯಲ್ಲಿ ನಿಮ್ಮ ಕಡೆಯವರೇ ಇದ್ದರು. ಗುಜರಾತಿನವರು, ಪಾಕಿಸ್ತಾನದವರು. ಬೆಳಗ್ಗೆ ನಾವು ಒಳಗೆ ಹೋಗುವಾಗ ಅವರು ಹೊರಗೆ ಬರುತ್ತಿದ್ದರು. ಎಂಟು ವರ್ಷ. ಡೆಟ್ರಾಯಿಟಿನ ಒಂದೊಂದು ಕಂಪನಿಯ ವಿಳಾಸವೂ ನನಗೆ ಬಾಯಿಪಾಠವಿತ್ತು. ಅವರಲ್ಲಿ ಒಬ್ಬನ ಹೆಸರನ್ನೂ ನಾನು ಕೇಳಲಿಲ್ಲ."

ಈ ಮಾತಿಗೆ ನಾನು ಏನು ಹೇಳಬಹುದಾಗಿತ್ತು? ಅವರ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ನನ್ನ ಅಕ್ಕ ಸಂಕ್ರಾಂತಿಗೆ ಎಳ್ಳು, ಯುಗಾದಿಗೆ ಹೋಳಿಗೆ ಕೊಡುತ್ತಾಳೆ. ಅವರು ಅಕ್ಕನ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸುತ್ತಾರೆ. ಇಷ್ಟನ್ನು ಹೇಳಿದೆನು. ಅವರು ನಕ್ಕರು.

ಹೊರಡುವ ಹಿಂದಿನ ಭಾನುವಾರ ಅವರು ನನ್ನನ್ನು ಒಂದು ಕೂಟಕ್ಕೆ ಕರೆದೊಯ್ದರು. ಈಗ ಅಹೋರಾತ್ರಿಯನ್ನು ತಾಳುವ ಶಕ್ತಿ ಅನೇಕರಿಗಿಲ್ಲವಾದುದರಿಂದ ಮಧ್ಯಾಹ್ನ ಎರಡರಿಂದ ಏಳರವರೆಗೆ ಸೇರುವುದು. ಕೂಲಿಕಾರರ ಸಂಘದ ಒಂದು ಹಜಾರ, ಮರದ ನೆಲ, ಗೋಡೆಗೆ ಒರಗಿಸಿದ ಕುರ್ಚಿಗಳು. ಬಂದವರೆಲ್ಲ ಅರವತ್ತರ ಆಚೀಚಿನವರು. ಒಬ್ಬರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಕೋಲನ್ನು ಕುರ್ಚಿಗೆ ಒರಗಿಸಿ, ಚೀಲದಿಂದ ಚರ್ಮದ ಅಟ್ಟೆಯ ಜೋಡುಗಳನ್ನು ತೆಗೆದು ಹಾಕಿಕೊಂಡರು. ಒಬ್ಬಾಕೆ ಪೌಡರಿನ ಡಬ್ಬಿಯನ್ನು ನೆಲದ ಮೇಲೆ ಅಲ್ಲಾಡಿಸಿದರು, ರಂಗೋಲಿಗೆ ಹಿಟ್ಟು ಚೆಲ್ಲುವಂತೆ.

ವಿಲಾಯತಿಯ ನೃತ್ಯವೆಂದರೆ ಜೋಡಿಯ ನೃತ್ಯವೆಂದು ತಿಳಿದಿದ್ದೆನು. ಇಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಪ್ರತಿಯೊಬ್ಬರೂ ಒಂಟಿ, ದೃಷ್ಟಿ ನೆಲದ ಕಡೆಗೋ, ತಟ್ಟೆ ಹಾಕುವವನ ಕಡೆಗೋ. ಪಾದಗಳು ಪಕ್ಕಕ್ಕೆ ಜಾರುತ್ತವೆ, ಮೈ ನೆಟ್ಟಗೆ ನಿಂತಿರುತ್ತದೆ. ಹಿಂದೆ ನೆಲದ ಮೇಲೆ ಬಿದ್ದು ಪುಟಿದೇಳುವುದು, ಗಿರ್ರನೆ ತಿರುಗುವುದು ಇವೆಲ್ಲ ಇತ್ತಂತೆ. ಈಗ ಒಬ್ಬಿಬ್ಬರು ಮಾತ್ರ ಒಂದು ಸುತ್ತು ತಿರುಗಿ ಸುಮ್ಮನಾಗುವರು. ಆದರೆ ಹಾಡಿನಲ್ಲಿ ಒಂದು ನಿರ್ದಿಷ್ಟ ಸ್ಥಳ ಬಂದಾಗ ಇಡೀ ಹಜಾರ ಒಮ್ಮೆಲೆ ಚಪ್ಪಾಳೆ ತಟ್ಟುತ್ತಿತ್ತು. ಒಂದೇ ಪೆಟ್ಟು. ಯಾರೂ ಸನ್ನೆ ಮಾಡಿದ್ದಿಲ್ಲ, ಯಾರೂ ತಪ್ಪಿದ್ದಿಲ್ಲ. ನಮ್ಮಲ್ಲಿ ತಾನು ಸುತ್ತಿ ಬಂದು ಸಮ್‌ಗೆ ಬೀಳುವಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ಬಾಗುವುದಿಲ್ಲವೇ, ಹಾಗೆ. ನನ್ನ ಕೈಗಳೂ ಮೂರನೆಯ ಸಲಕ್ಕೆ ಸರಿಯಾದ ಜಾಗದಲ್ಲಿ ಸೇರಿದವು. ಪಕ್ಕದಲ್ಲಿದ್ದ ಆ ಪೌಡರಿನ ಡಬ್ಬಿಯಾಕೆ ನನ್ನತ್ತ ತಿರುಗಿ, ಪಾಠ ಒಪ್ಪಿಸಿದ ಹುಡುಗನನ್ನು ನೋಡುವಂತೆ ನೋಡಿದರು. ನಲವತ್ತು ದಾಟಿದವನಿಗೆ ಅಂತಹ ನೋಟ ಸಿಕ್ಕುವುದು ಅಪರೂಪ.

ಕೊನೆಯಲ್ಲಿ ನೆರೆಯವರು ತಮ್ಮ ತಟ್ಟೆಯನ್ನು ಹಾಕಿಸಿದರು, ಆ ಕಲೆಯುಳ್ಳದ್ದನ್ನು. ಹಾಕುವವನು ಹಾಡುವವಳ ನಿಜವಾದ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದನು. ನೆರೆಯವರು ಕುಣಿಯಲಿಲ್ಲ. ಗೋಡೆಯ ಪಕ್ಕದಲ್ಲಿ ನಿಂತು ಜನರನ್ನು ನೋಡುತ್ತಿದ್ದರು.

ಆ ಸಂಜೆ ಮನೆಗೆ ಬಂದ ಮೇಲೆ, ನಿಮ್ಮ ಊರಿನದೇನನ್ನಾದರೂ ಕೇಳಿಸಿ ಎಂದರು. ನನ್ನ ಮೊಬೈಲಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ 78ರ ವೇಗದ ತಟ್ಟೆಯೊಂದರ ಹಾಡಿತ್ತು. ಯಾರೋ ಕಳಿಸಿದ್ದು, ಅದನ್ನು ಹಾಕಿದೆನು. ಸುಮಾರು ಮೂರು ನಿಮಿಷ. ಚರಚರ ಸದ್ದಿನ ನಡುವಿನಿಂದ ಆ ಕಂಠ ಏರಿ ಬರುವಾಗ ಅವರು ಕಣ್ಣು ಮುಚ್ಚಿಕೊಂಡರು, ಬೆರಳುಗಳಿಂದ ಮೇಜಿನ ಮೇಲೆ ತಾಳವನ್ನು ಹುಡುಕತೊಡಗಿದರು, ತಪ್ಪಿತು, ಮತ್ತೆ ಹುಡುಕಿದರು. ಮುಗಿದ ಮೇಲೆ ಒಮ್ಮೆ, ಮತ್ತೊಮ್ಮೆ ಹಾಕಿಸಿಕೊಂಡರು. ಅರ್ಥವೇನೆಂದು ಕೇಳಲಿಲ್ಲ. ಹಾಡಿದವರ ಹೆಸರನ್ನು ನನ್ನಿಂದ ಅಕ್ಷರ ಅಕ್ಷರವಾಗಿ ಹೇಳಿಸಿ ಬರೆದುಕೊಂಡರು. ಯಾವ ವರ್ಷದ್ದು, ಯಾವ ಕಂಪನಿಯದು, ತಟ್ಟೆಯ ಸಂಖ್ಯೆ ಎಷ್ಟು ಎಂದು ಕೇಳಿದರು. ಕಂಪನಿಯ ಹೆಸರನ್ನು ಹೇಳಿದೆನು. ಉಳಿದುದು ನನಗೆ ತಿಳಿದಿರಲಿಲ್ಲ.

"ಹೋಗಲಿ, ಇದರ ಹಿಂಬದಿಯಲ್ಲಿ ಯಾವ ಹಾಡಿದೆ?" ಎಂದರು.

ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸುಮ್ಮನೆ ಕುಳಿತಿದ್ದೆನು. ಧಾರವಾಡಕ್ಕೆ ಹೋದ ಮೇಲೆ ವಿಚಾರಿಸಿ ಬರೆಯುವೆನೆಂದು ಮಾತು ಕೊಟ್ಟೆನು.